ಚೀಟಿಯಲ್ಲಿ ಬ್ರ್ಯಾಂಡ್, ಪೊಟ್ಟಣದಲ್ಲಿ ಜೆನೆರಿಕ್: ಅಂಚೆ ಫಾರ್ಮಸಿಗೆ ಹೇಳುವುದು ಹೇಗೆ?

ತುಂಗೆದಡ ಕೇಳಿದ್ದು:

ಅಮೆರಿಕದಲ್ಲಿರುವವರಿಗೆ ಈ ಪ್ರಶ್ನೆ. ಥೈರಾಯ್ಡ್ ಕೊರತೆಗೆ ಕೊಡುವ ಲೆವೋಥೈರಾಕ್ಸಿನ್ 88 ಮೈಕ್ರೋಗ್ರಾಂ, ದಿನಕ್ಕೊಂದು, ಒಮ್ಮೆಗೆ 90 ದಿನದ್ದು, ಮೂರು ರೀಫಿಲ್ (ಅದೇ ಚೀಟಿಯ ಮೇಲೆ ಮತ್ತೆ ಕೊಡುವುದು). ಡಾಕ್ಟರು ಬರೆದದ್ದು ಅದರ ಬ್ರ್ಯಾಂಡ್ ಸಿಂಥ್ರಾಯ್ಡ್ ಅಂತ. ಇನ್ಶೂರೆನ್ಸ್ ಪ್ಲಾನಿನ ಅಂಚೆ ಫಾರ್ಮಸಿ ಕಳಿಸಿದ್ದು ಜೆನೆರಿಕ್ (ಬ್ರ್ಯಾಂಡ್ ಹೆಸರಿಲ್ಲದೆ ಬೇರೆ ಕಂಪನಿ ಮಾಡುವ ಅದೇ ಔಷಧ). ಮುಂದಿನ ರೀಫಿಲ್ಲೂ ಜೆನೆರಿಕ್ಕೇ, ಆದರೆ ಕಂಪನಿ ಬೇರೆ. ಮಾತ್ರೆಯ ಬಣ್ಣ ಹೆಚ್ಚುಕಡಿಮೆ ಅದೇ, ಮೇಲಿನ ಅಚ್ಚು ಬೇರೆ.

ಜೆನೆರಿಕ್ ಆದರೆ ನಿಜಕ್ಕೂ ತೊಂದರೆ ಇದೆಯಾ? ಪ್ರತಿ ಸಲ ಕಂಪನಿ ಬದಲಾಗದಂತೆ ತಡೆಯುವುದು ಹೇಗೆ? ಬ್ರ್ಯಾಂಡೇ ಬೇಕು ಅಂದರೆ ಎಷ್ಟು ಹೊರೆ ಬೀಳುತ್ತದೆ?

ಔಷಧಪೆಟ್ಟಿಗೆ:

ಎರಡನೇ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ, ಎಡವಟ್ಟು ಆಗಿರುವುದು ಅಲ್ಲಿ. ಚೀಟಿಯಲ್ಲಿ ಬ್ರ್ಯಾಂಡ್ ಹೆಸರು ಇದ್ದ ಮಾತ್ರಕ್ಕೆ ಬ್ರ್ಯಾಂಡೇ ಕೊಡಬೇಕೆಂದಿಲ್ಲ. "ಬದಲಿ ಬೇಡ" ಎಂಬ ಸೂಚನೆ ಇಲ್ಲದಿದ್ದರೆ ಫಾರ್ಮಸಿಯವರು ಸಮಾನ ಎಂದು ಗುರುತಾದ ಜೆನೆರಿಕ್ ಕೊಡಬಹುದು. ಕೆಲವು ರಾಜ್ಯಗಳಲ್ಲಿ ಕೊಡಲೇಬೇಕು.

ಎಲೆಕ್ಟ್ರಾನಿಕ್ ಚೀಟಿಯಲ್ಲಿ ಬದಲಿ ಕೊಡಬಹುದೋ ಬಾರದೋ ಎನ್ನುವುದಕ್ಕೆ ಪ್ರತ್ಯೇಕ ಖಾನೆ ಇದೆ. ಡಾಕ್ಟರ ಕಚೇರಿಯಲ್ಲಿ ಎಷ್ಟೋ ಸಲ ಆ ಖಾನೆಯನ್ನು "ಕೊಡಬಹುದು" ಅಂತಲೇ ಬಿಟ್ಟು, ಕೆಳಗಿನ ಟಿಪ್ಪಣಿಯಲ್ಲಿ "ಬ್ರ್ಯಾಂಡ್ ಮಾತ್ರ" ಎಂದು ಟೈಪ್ ಮಾಡುತ್ತಾರೆ. ಎರಡೂ ತಾಳೆಯಾಗದೆ ಆರ್ಡರ್ ನಿಲ್ಲುತ್ತದೆ, ಡಾಕ್ಟರಿಗೆ ಫ್ಯಾಕ್ಸ್ ಹೋಗುತ್ತದೆ, ಉತ್ತರ ಬರುವಷ್ಟರಲ್ಲಿ ಮನೆಯಲ್ಲಿ ಮಾತ್ರೆ ಖಾಲಿ. ಇಲ್ಲವೇ ಟಿಪ್ಪಣಿ ಯಾರ ಕಣ್ಣಿಗೂ ಬೀಳದೆ ಜೆನೆರಿಕ್ ಹೊರಟುಬಿಡುತ್ತದೆ. ಬದಲಿಸಬೇಕಾದ್ದು ಖಾನೆಯನ್ನೇ.

ಬಿಲ್ಲಿಂಗ್‌ನಲ್ಲಿ ಇದು ಡಿಎಡಬ್ಲ್ಯೂ (ಬರೆದಂತೆಯೇ ಕೊಡಿ) ಸಂಖ್ಯೆಯಾಗಿ ಹೋಗುತ್ತದೆ. 0 ಅಂದರೆ ಯಾವ ಸೂಚನೆಯೂ ಇಲ್ಲ. 1 ಅಂದರೆ ಬದಲಿ ಬೇಡ ಎಂದು ಡಾಕ್ಟರು ಹೇಳಿದ್ದಾರೆ. 2 ಅಂದರೆ ಬ್ರ್ಯಾಂಡ್ ಕೇಳಿದ್ದು ರೋಗಿ. ನೀವೇ ಫೋನ್ ಮಾಡಿ "ನನಗೆ ಬ್ರ್ಯಾಂಡ್ ಕೊಡಿ" ಅಂದರೆ ಅದು 2 ಆಗುತ್ತದೆ, ಹಣದ ಪೆಟ್ಟು ಬೀಳುವುದು ಸಾಮಾನ್ಯವಾಗಿ ಅಲ್ಲಿ.

ಇನ್ನೊಂದು ಸಂಗತಿ ಬಹಳ ಜನ ಮರೆಯುತ್ತಾರೆ: ಹಳೆಯ ಚೀಟಿಯ ರೀಫಿಲ್‌ಗಳು ಹಳೆಯ ಸೂಚನೆಯನ್ನೇ ಹೊತ್ತಿರುತ್ತವೆ. ಹೊಸ ಚೀಟಿ ಕಳಿಸಿದ ಮೇಲೆ ಹಳೆಯ ನಂಬರನ್ನು ರದ್ದು ಮಾಡಿಸಿ, ಅದರ ಆಟೋ ರೀಫಿಲ್ ನಿಲ್ಲಿಸಿ. ಇಲ್ಲದಿದ್ದರೆ ಸದ್ದಿಲ್ಲದೆ ಮತ್ತೆ 90 ಜೆನೆರಿಕ್ ಮಾತ್ರೆ ಬಾಗಿಲಿಗೆ ಬರುತ್ತವೆ. ಒಮ್ಮೆ ಹೊರಟದ್ದನ್ನು ಫಾರ್ಮಸಿ ವಾಪಸ್ ದಾಸ್ತಾನಿಗೆ ಸೇರಿಸುವಂತಿಲ್ಲ. ಹಾಗಾಗಿ ಕೇಳುವುದೆಲ್ಲ ಪೊಟ್ಟಣ ಹೊರಡುವ ಮುಂಚೆಯೇ ಕೇಳಬೇಕು. ಮೂರು ವಾರದ ಮಾತ್ರೆ ಕೈಯಲ್ಲಿರುವಾಗಲೇ ಆರ್ಡರ್ ಹಾಕಿ.

ಅಳತೆಗೋಲು:

ಮೊದಲ ಪ್ರಶ್ನೆಗೆ. "ಜೆನೆರಿಕ್‌ನಲ್ಲಿ ಔಷಧ ಶೇ. 20 ಕಡಿಮೆ ಇರಬಹುದು" ಎಂಬ ಮಾತು ಎಲ್ಲೆಡೆ ಓಡಾಡುತ್ತದೆ, ಅದು ತಪ್ಪು ಓದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ನಿಯಮದ ಶೇ. 80–125 ಎನ್ನುವುದು ಮಾತ್ರೆಯೊಳಗಿನ ಔಷಧದ ತೂಕ ಅಲ್ಲ. ರಕ್ತದಲ್ಲಿ ಸೇರಿದ ಒಟ್ಟು ಔಷಧ, ಅದರ ಗರಿಷ್ಠ ಮಟ್ಟ, ಇವೆರಡರಲ್ಲೂ ಜೆನೆರಿಕ್‌ಗೂ ಬ್ರ್ಯಾಂಡ್‌ಗೂ ಇರುವ ಅನುಪಾತದ ಶೇ. 90 ವಿಶ್ವಾಸ ಅಂತರ (ನಿಜವಾದ ಅನುಪಾತ ಇರಬಹುದಾದ ವ್ಯಾಪ್ತಿ) ಇಡಿಯಾಗಿ ಆ ಗೆರೆಗಳೊಳಗೆ ಕೂರಬೇಕು. ಸರಾಸರಿ ಗೆರೆಯ ಹತ್ತಿರ ಹೋದರೂ ಅಂತರದ ಒಂದು ತುದಿ ಹೊರಗೆ ಬಿದ್ದು ಮಾತ್ರೆ ಫೇಲಾಗುತ್ತದೆ. 1996ರಿಂದ 2007ರವರೆಗಿನ 2,070 ಅಧ್ಯಯನಗಳನ್ನು ಎಫ್‌ಡಿಎಯವರೇ ಒಟ್ಟುಹಾಕಿ ನೋಡಿದಾಗ ಸಿಕ್ಕ ಸರಾಸರಿ ವ್ಯತ್ಯಾಸ ಗರಿಷ್ಠ ಮಟ್ಟದಲ್ಲಿ ಶೇ. 4.35, ಒಟ್ಟು ಪ್ರಮಾಣದಲ್ಲಿ ಶೇ. 3.56.

ಅಟೋರ್ವಾಸ್ಟಾಟಿನ್ (ಕೊಲೆಸ್ಟರಾಲ್), ಆಮ್ಲೋಡಿಪಿನ್ (ಬಿಪಿ), ಮೆಟ್‌ಫಾರ್ಮಿನ್ (ಸಕ್ಕರೆ ಕಾಯಿಲೆ) ಥರದವಕ್ಕೆ ಬ್ರ್ಯಾಂಡ್ ಹಟ ಹಿಡಿಯುವುದು, ಕ್ಷಮಿಸಿ, ದುಡ್ಡು ದಂಡ.

ಲೆವೋಥೈರಾಕ್ಸಿನ್ ಆ ಗುಂಪಿನದ್ದಲ್ಲ. ಮೈಕ್ರೋಗ್ರಾಂಗಳಲ್ಲಿ ಕೆಲಸ ಮಾಡುವ ಔಷಧ, ಡೋಸ್‌ನ ಸಣ್ಣ ಏರುಪೇರು ಟಿಎಸ್‌ಎಚ್‌ನಲ್ಲಿ (ಥೈರಾಯ್ಡ್ ಸ್ಥಿತಿ ತೋರಿಸುವ ರಕ್ತಪರೀಕ್ಷೆ) ಕಾಣುತ್ತದೆ. ಇದೇ ಕಾರಣಕ್ಕೆ 2007ರಲ್ಲಿ ಎಫ್‌ಡಿಎ ಅದರ ಸತ್ವದ (ಮಾತ್ರೆಯೊಳಗೆ ನಿಜಕ್ಕೂ ಇರುವ ಔಷಧದ) ಮಿತಿಯನ್ನು ಶೇ. 95–105ಕ್ಕೆ ಬಿಗಿ ಮಾಡಿತು, ಎಕ್ಸ್‌ಪೈರಿ ದಿನದವರೆಗೂ ಅಷ್ಟು ಇರಬೇಕು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಅಂಗ ಕಸಿ ಆದವರ ಟ್ಯಾಕ್ರೋಲಿಮಸ್, ಮೂರ್ಛೆರೋಗದ ಫೆನಿಟಾಯಿನ್‌ಗಳಿಗೂ ಇದೇ ಎಚ್ಚರ.

ಹಾಗಂತ ಇಲ್ಲಿ ಬ್ರ್ಯಾಂಡ್ ಒಳ್ಳೆಯದು, ಜೆನೆರಿಕ್ ಕೆಟ್ಟದ್ದು ಅಂತ ಅಲ್ಲ. ಯಾವುದೋ ಒಂದಕ್ಕೆ ಡೋಸ್ ಹೊಂದಿಸಿಕೊಂಡ ಮೇಲೆ ಅದನ್ನೇ ಮುಂದುವರಿಸುವುದು ಮುಖ್ಯ. ಎಫ್‌ಡಿಎಯ ಆರೆಂಜ್ ಬುಕ್ (ಯಾವ ಔಷಧ ಯಾವುದಕ್ಕೆ ಸಮಾನ ಎಂಬ ಪಟ್ಟಿ) ತೆಗೆದು ನೋಡಿ, ಲೆವೋಥೈರಾಕ್ಸಿನ್ ಎದುರು ಬರೀ ಎಬಿ (ಸಮಾನ ಎಂಬ ಗುರುತು) ಇರುವುದಿಲ್ಲ, ಎಬಿ1, ಎಬಿ2, ಎಬಿ3 ಎಂದಿರುತ್ತದೆ. ಒಂದೇ ಅಂಕಿ ಹಂಚಿಕೊಂಡವು ಮಾತ್ರ ಪರಸ್ಪರ ಸಮಾನ. ಇವತ್ತು ಬಂದ ಜೆನೆರಿಕ್ ಸಿಂಥ್ರಾಯ್ಡ್‌ಗೆ ಸಮಾನ, ಮುಂದಿನದ್ದೂ ಅದಕ್ಕೆ ಸಮಾನ ಇರಬಹುದು, ಆದರೆ ಆ ಎರಡನ್ನು ಪಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿರುವುದಿಲ್ಲ.

ಕಂಪನಿ ಬದಲಾದರೆ 6ರಿಂದ 8 ವಾರದ ಮೇಲೆ ಟಿಎಸ್‌ಎಚ್ ಮಾಡಿಸಿ. ಔಷಧದ ಅರ್ಧಾಯು (ಮೈಯಲ್ಲಿ ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ಸುಮಾರು 7 ದಿನ, ಹತ್ತನೇ ದಿನಕ್ಕೆ ಮಾಡಿಸಿದರೆ ಹಳೆಯದರ ನೆರಳೇ ಕಾಣುತ್ತದೆ. ಕಂಪನಿಯನ್ನು ದೂರುವ ಮುಂಚೆ ಇನ್ನೆರಡು ನೋಡಿಕೊಳ್ಳಿ: ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ 4 ಗಂಟೆ ಅಂತರ ಇದೆಯಾ? ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಕನಿಷ್ಠ 2 ದಿನ ಮುಂಚೆ ನಿಲ್ಲಿಸಿದ್ದೀರಾ? ಬಯೋಟಿನ್ ಪರೀಕ್ಷೆಯನ್ನೇ ದಾರಿ ತಪ್ಪಿಸುತ್ತದೆ.

ಜಮಾಖರ್ಚು:

ಹಣದ ಲೆಕ್ಕ. ಬಹಳಷ್ಟು ಪ್ಲಾನ್‌ಗಳಲ್ಲಿ ಜೆನೆರಿಕ್ ಇದ್ದೂ ಬ್ರ್ಯಾಂಡ್ ತೆಗೆದುಕೊಂಡರೆ ಕೋಪೇ (ಪ್ರತಿ ಸಲ ನೀವು ಕಟ್ಟುವ ಪಾಲು) ಜೊತೆಗೆ ಎರಡರ ಬೆಲೆಯ ವ್ಯತ್ಯಾಸವನ್ನೂ ಕಟ್ಟಬೇಕು. ಲೆಕ್ಕಕ್ಕಾಗಿ ಕಾಲ್ಪನಿಕ ಅಂಕಿ: ಬ್ರ್ಯಾಂಡ್ ಬೆಲೆ 150 ಡಾಲರ್, ಜೆನೆರಿಕ್ ಬೆಲೆ 30, ನಿಮ್ಮ ಕೋಪೇ 10. ಕಟ್ಟುವುದು 10 ಅಲ್ಲ, 120 ಸೇರಿ 130. ಈ ವ್ಯತ್ಯಾಸದ ಹಣ ಡಿಡಕ್ಟಿಬಲ್‌ಗೂ (ಪ್ಲಾನ್ ಕೊಡಲು ಶುರುಮಾಡುವ ಮುಂಚೆ ನೀವೇ ಕಟ್ಟುವ ಮೊತ್ತ) ನೀವು ವರ್ಷಕ್ಕೆ ಕಟ್ಟುವುದರ ಗರಿಷ್ಠ ಮಿತಿಗೂ ಜಮೆಯಾಗದಿರುವ ಪ್ಲಾನ್‌ಗಳೇ ಹೆಚ್ಚು. ಫೋನಿನಲ್ಲಿ ಕೇಳಬೇಕಾದ ಪ್ರಶ್ನೆ ಇದು: "ಡಿಎಡಬ್ಲ್ಯೂ 1 ಇದ್ದರೂ ವ್ಯತ್ಯಾಸ ಹಾಕುತ್ತೀರಾ, ಅಥವಾ 2ಕ್ಕೆ ಮಾತ್ರವಾ?" ಕೆಲವು ಪ್ಲಾನ್‌ಗಳು ಎರಡಕ್ಕೂ ಹಾಕುತ್ತವೆ. ಆಗ ಡಾಕ್ಟರು ಕಾರಣ ಬರೆದು ವಿನಾಯಿತಿ ಕೇಳಬೇಕು. "ರೋಗಿಗೆ ಬ್ರ್ಯಾಂಡ್ ಇಷ್ಟ" ಅಂತ ಬರೆದರೆ ತಿರಸ್ಕಾರ ಗ್ಯಾರಂಟಿ. ಯಾವ ಕಂಪನಿಯ ಮಾತ್ರೆ, ಯಾವ ತಾರೀಕು, ಟಿಎಸ್‌ಎಚ್ ಎಷ್ಟಿತ್ತು ಎಷ್ಟಾಯಿತು, ಇಷ್ಟು ಇರಬೇಕು. ಮೆಡಿಕೇರ್ ಪಾರ್ಟ್ ಡಿ (ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ವಿಮೆಯ ಔಷಧ ಭಾಗ) ಆದರೆ ಡಾಕ್ಟರ ಹೇಳಿಕೆ ತಲುಪಿದ 72 ಗಂಟೆಯೊಳಗೆ ಪ್ಲಾನ್ ತೀರ್ಮಾನ ಹೇಳಬೇಕು, ತುರ್ತು ಎಂದರೆ 24.

ಬ್ರ್ಯಾಂಡ್ ಕಂಪನಿಯ ಕೂಪನ್ ಕಾರ್ಡ್ ಮೆಡಿಕೇರ್, ಮೆಡಿಕೇಡ್ (ಕಡಿಮೆ ಆದಾಯದವರ ಸರ್ಕಾರಿ ವಿಮೆ) ಇರುವವರಿಗೆ ನಡೆಯುವುದಿಲ್ಲ.

ನಡುದಾರಿ ಒಂದಿದೆ: ಆಥರೈಸ್ಡ್ ಜೆನೆರಿಕ್. ಬ್ರ್ಯಾಂಡ್‌ನ ಅನುಮತಿಯಲ್ಲೇ, ಅದೇ ಮಾತ್ರೆ, ಬ್ರ್ಯಾಂಡ್ ಹೆಸರಿನ ಲೇಬಲ್ ಇಲ್ಲದೆ ಬರುವುದು. ಎಫ್‌ಡಿಎ ತಾಣದಲ್ಲಿ ಇದರ ಪಟ್ಟಿಯೇ ಬೇರೆ ಇದೆ. ನಿಧಾನವಾಗಿ ಔಷಧ ಬಿಡುವ ಮಾತ್ರೆಗಳಿಗೆ ಇದು ಚೆನ್ನಾದ ದಾರಿ. ಅಂಥವುಗಳಲ್ಲೇ ಜೆನೆರಿಕ್ ನಿಜವಾಗಿ ಎಡವಿರುವುದು: ಖಿನ್ನತೆಯ ಜೆನೆರಿಕ್ ಔಷಧ ಬುಡೆಪ್ರಿಯಾನ್ ಎಕ್ಸ್‌ಎಲ್ 300 ತನ್ನ ಬ್ರ್ಯಾಂಡ್‌ಗೆ ಸಮಾನವಲ್ಲ ಎಂದು ಎಫ್‌ಡಿಎ 2012ರಲ್ಲಿ ಹೇಳಿತು, 2014ರಲ್ಲಿ ಎಡಿಎಚ್‌ಡಿ (ಗಮನ ಕೊರತೆ) ಔಷಧ ಕಾನ್ಸರ್ಟಾದ ಎರಡು ಜೆನೆರಿಕ್‌ಗಳನ್ನು ಎಬಿಯಿಂದ ಬಿಎಕ್ಸ್‌ಗೆ (ಸಮಾನತೆ ಸಾಬೀತಾಗಿಲ್ಲ ಎಂಬ ಗುರುತು) ಇಳಿಸಿತು.

ಹಸಿರೆಲೆ:

ಯಾರೂ ಹೇಳದ್ದೊಂದು. ಮುಖ್ಯ ಔಷಧ ಒಂದೇ ಆದರೂ ಜೊತೆಗೆ ಸೇರಿಸುವ ಪದಾರ್ಥ ಕಂಪನಿಯಿಂದ ಕಂಪನಿಗೆ ಬೇರೆ: ಲ್ಯಾಕ್ಟೋಸ್, ಬಣ್ಣ, ಮೆಗ್ನೀಸಿಯಂ ಸ್ಟಿಯರೇಟ್. ಲ್ಯಾಕ್ಟೋಸ್ ಆಗದವರು, ಬಣ್ಣಕ್ಕೆ ಅಲರ್ಜಿ ಇರುವವರು, ಶುದ್ಧ ಸಸ್ಯಾಹಾರಿಗಳು ಅಮೆರಿಕ ಸರ್ಕಾರದ ಔಷಧ ಲೇಬಲ್‌ಗಳ ತಾಣ ಡೈಲಿಮೆಡ್‌ನಲ್ಲಿ ಆ ಕಂಪನಿಯ ಲೇಬಲ್ ತೆರೆದು "ನಿಷ್ಕ್ರಿಯ ಪದಾರ್ಥ" ಭಾಗ ಓದಬೇಕು. ಸ್ಟಿಯರೇಟ್ ಸಸ್ಯದ್ದೋ ಪ್ರಾಣಿಯದ್ದೋ ಅಲ್ಲಿ ಇರುವುದಿಲ್ಲ, ಕಂಪನಿಗೇ ಫೋನ್ ಮಾಡಬೇಕು. ಲೆವೋಥೈರಾಕ್ಸಿನ್‌ನ ಇನ್ನೊಂದು ಬ್ರ್ಯಾಂಡ್ ಟಿರೋಸಿಂಟ್ ಕ್ಯಾಪ್ಸೂಲ್‌ನಲ್ಲಿ ಜೆಲಾಟಿನ್ (ಪ್ರಾಣಿಮೂಲದ್ದು) ಇದೆ. ಲೆವೋಥೈರಾಕ್ಸಿನ್‌ನ 50 ಮೈಕ್ರೋಗ್ರಾಂ ಮಾತ್ರೆ ಸಾಮಾನ್ಯವಾಗಿ ಬಿಳಿ, ಬಣ್ಣ ಹಾಕಿರುವುದಿಲ್ಲ.

ಜೊತೆಗೆ ಬಿಸಿಲು. ಶೇಖರಣೆ 20–25 ಡಿಗ್ರಿ ಸೆಲ್ಸಿಯಸ್, ಪ್ರಯಾಣದಲ್ಲಿ 15–30 ತಡೆದೀತು. ಬೇಸಿಗೆ ಮಧ್ಯಾಹ್ನದ ಲೋಹದ ಅಂಚೆಪೆಟ್ಟಿಗೆ ಅದನ್ನು ಸುಲಭವಾಗಿ ದಾಟುತ್ತದೆ, ಅದರ ಮೇಲೆ ಈ ಔಷಧಕ್ಕೆ ಶಾಖ, ತೇವ, ಬೆಳಕು ಯಾವುದೂ ಆಗದು. ಟ್ರ್ಯಾಕಿಂಗ್ ಹಾಕಿ, ಬಂದ ದಿನವೇ ಒಳಗೆ ತೆಗೆದುಕೊಳ್ಳಿ.

ತುಂಗೆದಡ:

ಎಲ್ಲರಿಗೂ ಥ್ಯಾಂಕ್ಸ್. ಬ್ರ್ಯಾಂಡ್ ಬಿಟ್ಟು ಈಗಿರುವ ಜೆನೆರಿಕ್ ಕಂಪನಿಯನ್ನೇ ಹಿಡಿದುಕೊಳ್ಳುತ್ತೇನೆ ಅಂದರೆ? ಡಬ್ಬಿಯ ಮೇಲಿನ ಎನ್‌ಡಿಸಿ (ಅಮೆರಿಕದಲ್ಲಿ ಔಷಧ ಗುರುತಿಸುವ) ನಂಬರ್ ಕೊಟ್ಟರೆ ಸಾಕಾ?

ಔಷಧಪೆಟ್ಟಿಗೆ:

ನಂಬರಿನ ಮೊದಲ ಭಾಗ ಲೇಬಲ್ ಹಚ್ಚಿದವರದ್ದು, ಎರಡನೆಯದು ಔಷಧ ಮತ್ತು ಡೋಸ್, ಮೂರನೆಯದು ಪ್ಯಾಕ್. ಲೇಬಲ್ ಹಚ್ಚಿದವರು ಬರೀ ಮರುಪ್ಯಾಕ್ ಮಾಡುವವರೂ ಆಗಿರಬಹುದು, ಆಗ ತಯಾರಕರು ಬೇರೆಯೇ. ಮಾತ್ರೆಯ ಮೇಲಿನ ಅಚ್ಚನ್ನು ಡೈಲಿಮೆಡ್‌ನ ಲೇಬಲ್ ಜೊತೆ ತಾಳೆ ನೋಡಿ ತಯಾರಕರ ಹೆಸರು ಖಚಿತ ಮಾಡಿಕೊಳ್ಳಿ. ಡಾಕ್ಟರು ಆ ಹೆಸರನ್ನು ಟಿಪ್ಪಣಿಯಲ್ಲಿ ಬರೆಯಲಿ, ನೀವು ಪ್ರತಿ ರೀಫಿಲ್‌ಗೂ ಮುಂಚೆ ಫೋನ್ ಮಾಡಿ ದಾಸ್ತಾನಿನಲ್ಲಿ ಯಾರದ್ದಿದೆ ಅಂತ ಕೇಳಿ. ಅಂಚೆ ಫಾರ್ಮಸಿಗಳು ಸಗಟು ಒಪ್ಪಂದದಲ್ಲಿ ಕೊಳ್ಳುತ್ತವೆ, ಒಪ್ಪಂದ ಬದಲಾದ ದಿನ ನಿಮ್ಮ ಮಾತ್ರೆಯೂ ಬದಲಾಗುತ್ತದೆ, ಟಿಪ್ಪಣಿ ಅವರ ಕೈ ಕಟ್ಟುವುದಿಲ್ಲ.

ಅವರಲ್ಲಿ ಸಿಗದಿದ್ದರೆ ಎರಡು ದಾರಿ. ಪ್ಲಾನ್ ಒಪ್ಪುವ ಪಕ್ಕದ ಫಾರ್ಮಸಿಯಲ್ಲಿ 90 ದಿನದ್ದು ಬರೆಸಿಕೊಳ್ಳಿ, ಆ ಕಂಪನಿಯದ್ದನ್ನು ತರಿಸಿಕೊಡಲು ಅಲ್ಲಿ ಒಪ್ಪುವ ಸಾಧ್ಯತೆ ಹೆಚ್ಚು. ಇಲ್ಲವಾದರೆ ಯುನಿಥ್ರಾಯ್ಡ್, ಯೂಥೈರಾಕ್ಸ್‌ನಂಥ ಬೇರೆ ಬ್ರ್ಯಾಂಡ್ ನಿಮ್ಮ ಪ್ಲಾನಿನಲ್ಲಿ ಅಗ್ಗದ ಹಂತದಲ್ಲಿದೆಯಾ ನೋಡಿ, ಇದ್ದರೆ ಅದನ್ನೇ "ಬದಲಿ ಬೇಡ" ಎಂದು ಬರೆಸಿ. ಯೂಥೈರಾಕ್ಸ್ ಬ್ಲಿಸ್ಟರ್ ಪ್ಯಾಕಿನಲ್ಲಿ ಬರುತ್ತದೆ, ತೇವದ ತಲೆನೋವೂ ಕಡಿಮೆ. ಹಳೆಯದು ಉಳಿದಿದ್ದರೆ ಹೊಸದರ ಡಬ್ಬಿಗೆ ಸುರಿಯಬೇಡಿ, ಹಳೆಯದನ್ನು ಮುಗಿಸಿ ಹೊಸದು ಶುರು ಮಾಡಿದ ತಾರೀಕನ್ನು ಡಬ್ಬಿಯ ಮೇಲೆಯೇ ಬರೆದಿಡಿ. ಟಿಎಸ್‌ಎಚ್‌ನ ಆರು ವಾರ ಎಣಿಸುವುದು ಆ ತಾರೀಕಿನಿಂದ.