ತೂಕ 88 ಕೆ.ಜಿ, ಸೇನಾ ತರಬೇತಿಗೆ 16 ವಾರ: ಮೊದಲು ಓಟವೋ, ತೂಕ ಇಳಿಸುವುದೋ?

ಓಟದಹಾದಿ:
ಸೇನಾ ತರಬೇತಿಗೆ ಸೇರಲಿರುವ ಹುಡುಗನಿಗೆ ತಯಾರಿ ಪಟ್ಟಿ ಹಾಕಿಕೊಡಬೇಕಿದೆ. ಎತ್ತರ 170 ಸೆಂ.ಮೀ, ತೂಕ 88 ಕೆ.ಜಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 30.4. 2.4 ಕಿ.ಮೀ ಓಟದಲ್ಲಿ ಅರ್ಧಕ್ಕೇ ಸುಸ್ತಾಗಿ ನಡೆಯುತ್ತಾನೆ. ತೂಕ ಇಳಿಯುವ ತನಕ ಓಡಿಸದೇ ಇರಬೇಕಾ? ಕಟ್ಟುಮಸ್ತಾದವರಲ್ಲಿ ಬಿಎಂಐ ನಂಬೋಕಾಗಲ್ಲ ಅಂತಾರಲ್ಲ, ಸೊಂಟದ ಅಳತೆ ಸರಿಯಾಗಿ ಹಿಡಿಯೋದು ಹೇಗೆ?

ಕಣಕಾಲು:
ಓಡಿಸದೇ ಕೂರಿಸಬೇಡಿ ಸರ್. ತರಬೇತಿಯಲ್ಲಿ ಪೆಟ್ಟು ಮಾಡಿಕೊಳ್ಳುವವರು ದಪ್ಪಗಿರುವವರು ಮಾತ್ರ ಅಲ್ಲ. ಓಡಿ ಅಭ್ಯಾಸವಿಲ್ಲದ ಸಣಕಲನೂ ಅದೇ ಸಾಲಿನಲ್ಲಿ ನಿಲ್ಲುತ್ತಾನೆ. ಉಸಿರು ಕೆಲವೇ ವಾರದಲ್ಲಿ ಸುಧಾರಿಸುತ್ತೆ, ಮೂಳೆ ಅಷ್ಟು ಬೇಗ ಒಗ್ಗಲ್ಲ. ಹೊಸ ಹೊರೆ ಬಿದ್ದಾಗ ಮೂಳೆ ಮೊದಲು ಹಳೆಯದನ್ನು ಕರಗಿಸಿ ಆಮೇಲೆ ಹೊಸದು ಕಟ್ಟುತ್ತೆ, ನಡುವಿನ ಮೂರ್ನಾಲ್ಕು ವಾರ ದುರ್ಬಲವಾಗಿರುತ್ತೆ. ಕವಾಯತು, ಬೂಟು, ಬೆನ್ನಚೀಲ ಎಲ್ಲ ಒಟ್ಟಿಗೆ ಮೈಮೇಲೆ ಬೀಳುವುದೂ ಆಗಲೇ. ಆ ಘಟ್ಟ ಶಿಬಿರಕ್ಕೆ ಹೋಗುವ ಮೊದಲೇ ದಾಟಿರಬೇಕು.

ಮೊದಲ 4 ವಾರ: ವಾರಕ್ಕೆ 5 ದಿನ 40 ನಿಮಿಷ ಬಿರುಸು ನಡಿಗೆ, ಸಮತಟ್ಟಾದ ಮಣ್ಣಿನ ನೆಲದಲ್ಲಿ. ಅದರಲ್ಲಿ 3 ದಿನ, ದಿನ ಬಿಟ್ಟು ದಿನ, 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 6 ಸಲ. 10ನೇ ವಾರದ ಹೊತ್ತಿಗೆ ಓಟದ ತುಂಡು 8 ನಿಮಿಷಕ್ಕೆ ಬರಲಿ. ಪ್ರತಿ ನಾಲ್ಕನೇ ವಾರ ಮೂರರಲ್ಲಿ ಒಂದು ಪಾಲು ಕಡಿಮೆ ಮಾಡಿ. ವೇಗದ ಮಾತು 11ನೇ ವಾರದಿಂದ: 400 ಮೀ. ಓಟ 4 ಸಲ, ನಡುವೆ 2 ನಿಮಿಷ ನಡಿಗೆ. ಬಸ್ಕಿ, ದಂಡ ವಾರಕ್ಕೆರಡು ದಿನ ಸಾಕು.

ಕಣಕಾಲಿನ ಒಳ ಅಂಚಿನಲ್ಲಿ ನಾಲ್ಕು ಬೆರಳಗಲ ಹರಡಿದ ನೋವಾದರೆ ಓಟ ತಗ್ಗಿಸಿ. ಒಂದೇ ಬೆರಳಿಟ್ಟು ತೋರಿಸುವ ಹಾಗಿದ್ದು, ಒಂಟಿಕಾಲಲ್ಲಿ ಕುಪ್ಪಳಿಸಿದಾಗ ಚುಚ್ಚಿದರೆ ಮೂಳೆ ಬಿರುಕಿನ ಅನುಮಾನ: ಓಟ ಪೂರ್ತಿ ಬಂದ್, ವೈದ್ಯರ ಹತ್ತಿರ ಕಳಿಸಿ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಏನೂ ಕಾಣದೇ ಇರಬಹುದು, ಅದನ್ನು ನಂಬಿ ಮತ್ತೆ ಓಡಿಸಿದವರೇ ಹೆಚ್ಚು. ತೊಡೆಸಂದಿಯಲ್ಲಿ ನೋವಿದ್ದರಂತೂ ಒಂದು ಹೆಜ್ಜೆಯೂ ಓಡಬಾರದು.

ಅಳತೆಪಟ್ಟಿ:
ಟೇಪು ಹೊಕ್ಕುಳ ಮಟ್ಟದಲ್ಲಿ, ಸುತ್ತಲೂ ನೆಲಕ್ಕೆ ಸಮನಾಗಿ ಇರಲಿ. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಓದಿ, ಹೊಟ್ಟೆ ಒಳಗೆಳೆದುಕೊಳ್ಳೋಕೆ ಬಿಡಬೇಡಿ. ಮೂರು ಸಲ ಅಳೆದು ಸರಾಸರಿಯನ್ನು ಎತ್ತರದಿಂದ ಭಾಗಿಸಿ. ಅಮೆರಿಕದ ವಾಯುಪಡೆ 2023ರಲ್ಲಿ ಇದಕ್ಕೆ 0.55ರ ಮಿತಿ ಇಟ್ಟಿತು. ನಿಮ್ಮ ಹುಡುಗನ ಎತ್ತರಕ್ಕೆ ಅದು 93.5 ಸೆಂ.ಮೀ ಆಗುತ್ತೆ.

ಊಟದಲ್ಲಿ ದಿನಕ್ಕೆ 500 ಕ್ಯಾಲರಿ ಕಡಿತ ಸಾಕು, ವಾರಕ್ಕೆ ಹೆಚ್ಚುಕಮ್ಮಿ ಅರ್ಧ ಕೆ.ಜಿ ಇಳಿಯುತ್ತೆ. ಪ್ರೋಟೀನ್ ದಿನಕ್ಕೆ 140 ಗ್ರಾಂ ಹತ್ತಿರ ಇರಲಿ, ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತೆ. ಮೂಳೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ ಮರೆಯಬೇಡಿ. ಅಮೆರಿಕದ ನೌಕಾಪಡೆಯ ಮಹಿಳಾ ರಿಕ್ರೂಟ್‌ಗಳಿಗೆ ಎರಡನ್ನೂ ಕೊಟ್ಟು ನೋಡಿದ 2008ರ ಅಧ್ಯಯನದಲ್ಲಿ ಮೂಳೆ ಬಿರುಕು ಐದರಲ್ಲೊಂದು ಪಾಲು ತಗ್ಗಿತ್ತು. ಕೊನೇ ವಾರ ನೀರು ಬಿಟ್ಟು, ಬೆವರಿಳಿಸಿ ತೂಕ ತೋರಿಸುವ ಚಾಳಿ ಮಾತ್ರ ಬೇಡ. ಬಿಸಿಲಲ್ಲಿ ಮೊದಲು ಕುಸಿಯುವವರು ಅವರೇ.

ಓಟದಹಾದಿ:
ಬೆನ್ನಚೀಲ ಯಾವಾಗ ಹಾಕಿಸಲಿ?

ಕಣಕಾಲು:
9ನೇ ವಾರದ ಮೇಲೆ, 5 ಕೆ.ಜಿಯಿಂದ, ವಾರಕ್ಕೆ ಒಂದೇ ದಿನ. ನಡಿಗೆಗೆ ಮಾತ್ರ, ಚೀಲ ಹೊತ್ತು ಓಡುವುದು ಬೇಡ. ಒಂದು ವಾರದಲ್ಲಿ ಭಾರವನ್ನೋ ದೂರವನ್ನೋ ಒಂದನ್ನೇ ಏರಿಸಿ.