ಸಹಾಯ ಬೇಕು: 1871ರ ಗ್ಲಾಸ್ಗೋದಲ್ಲಿ ಲಾಡ್ಜರ್ ಇಟ್ಟುಕೊಂಡ ಕೂಲಿ ಮನೆ

ಎಲ್ಲರಿಗೂ ನಮಸ್ಕಾರ. 1871ರ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಕೂಲಿ ಸಂಸಾರದ ಬಗ್ಗೆ ನಾಟಕ ಬರೆಯುತ್ತಿದ್ದೇನೆ. ಇರುವುದು ಒಂದೇ ಕೋಣೆ. ಗಂಡ, ಹೆಂಡತಿ, ಮೂರು ಚಿಕ್ಕ ಮಕ್ಕಳು, ಜೊತೆಗೆ ದುಡ್ಡು ಕೊಟ್ಟು ಉಳಿದುಕೊಂಡ ಇಬ್ಬರು ಲಾಡ್ಜರ್‌ಗಳು.

1862ರ ಕಾಯ್ದೆ ಬಂದ ಮೇಲೆ ಅಲ್ಲಿ ಸಣ್ಣ ಮನೆಗಳ ಬಾಗಿಲಿಗೆ ತಗಡಿನ ಟಿಕೆಟ್ ಹೊಡೆಯುತ್ತಿದ್ದರು. ಒಳಗೆ ಎಷ್ಟು ಜನ ಮಲಗಬಹುದು ಅಂತ ಅದರಲ್ಲಿ ಇರುತ್ತಿತ್ತು. ದೊಡ್ಡವರಿಗೆ ತಲಾ 300 ಘನ ಅಡಿ, 8 ವರ್ಷದೊಳಗಿನ ಮಕ್ಕಳಿಗೆ ಅದರರ್ಧ. ಅಂದರೆ ನನ್ನ ಏಳು ಜನಕ್ಕೆ 1650 ಘನ ಅಡಿ ಬೇಕು. ಕೋಣೆ ಇರುವುದು 1200! ರಾತ್ರಿ ಇನ್ಸ್‌ಪೆಕ್ಟರ್ ಬಂದು ತಲೆ ಎಣಿಸುವಾಗ ಲೆಕ್ಕಕ್ಕಿಂತ ಹೆಚ್ಚಾಗಿದ್ದವರು ಮಂಚದ ಕೆಳಗೆ, ಬೀರುವಿನೊಳಗೆ, ಮಾಡಿನ ಮೇಲೂ ಅಡಗುತ್ತಿದ್ದರಂತೆ. ನಾಟಕಕ್ಕೆ ಇನ್ನೇನು ಬೇಕು, ಅಲ್ವಾ?

ಈಗ ನನಗೆ ಬೇಕಿರುವುದು ದಿನನಿತ್ಯದ ವಿವರ. ಲಾಡ್ಜರ್‌ಗಳು ಮನೆಯವರ ಜೊತೆಗೇ ಉಣ್ಣುತ್ತಿದ್ದರಾ, ಇಲ್ಲ ತಮ್ಮ ಓಟ್ಸ್ ತಾವೇ ತರುತ್ತಿದ್ದರಾ? ಅವರ ಬಟ್ಟೆಯನ್ನೂ ಮನೆಯಾಕೆಯೇ ಒಗೆಯಬೇಕಿತ್ತಾ? ಗೋಡೆಯ ಗೂಡಿನೊಳಗಿನ ಹಾಸಿಗೆ ಯಾರಿಗೆ?

ಸ್ಕಾಟ್ಲೆಂಡಿನಲ್ಲಿ ಇರುವವರು ಯಾರಾದರೂ ಇದ್ದೀರಾ? 1871ರ ಜನಗಣತಿಯಲ್ಲಿ ಕಿಟಕಿಯಿರುವ ಕೋಣೆ ಎಷ್ಟು ಅಂತಲೂ ಬರೆದಿದ್ದಾರೆ. ಒಂದೇ ಕೋಣೆ, ಲಾಡ್ಜರ್ ಇದ್ದ ಮನೆಯ ಹಾಳೆ ಸಿಕ್ಕಿದರೆ ಫೋಟೊ ಹಾಕಿ. ಖರ್ಚು ನಾನು ಕೊಡುತ್ತೇನೆ.