ನಮ್ಮೂರ ಬ್ಯಾಂಕಿನ ಹಳೇ ನೋಟು, ಸಹಿನೇ ಇಲ್ಲ! ತಗೊಳ್ಳಬಹುದಾ?

ಜೋಳದೂರು:
ನಾನಿರುವುದು ಅಮೆರಿಕದ ಅಯೋವಾ ರಾಜ್ಯದ ಪುಟ್ಟ ಊರಲ್ಲಿ. ಮೂಲೆಯ ಕಲ್ಲಿನ ಕಟ್ಟಡದಲ್ಲಿ ಈಗ ಪಿಜ್ಜಾ ಅಂಗಡಿ ಇದೆ. ಬಾಗಿಲ ಮೇಲೆ ಮಾತ್ರ ‘ಫಸ್ಟ್ ನ್ಯಾಷನಲ್ ಬ್ಯಾಂಕ್’ ಅನ್ನುವ ಅಕ್ಷರಗಳು ಇನ್ನೂ ಹಾಗೇ ಇವೆ. ಮೊನ್ನೆ ಅದೇ ಬ್ಯಾಂಕು ಹೊರಡಿಸಿದ್ದ ಎರಡು ನೋಟು ಒಬ್ಬರ ಬಳಿ ಕಂಡವು. ಒಂದು 1929ರ ಸರಣಿಯ 10 ಡಾಲರ್, ಕಂದು ಸೀಲ್. ಇನ್ನೊಂದು 1902ರ ಸರಣಿಯ 10 ಡಾಲರ್. ಅಮೆರಿಕದ ಹಿಂದಿನ ರಾಷ್ಟ್ರಾಧ್ಯಕ್ಷ ಮೆಕಿನ್ಲಿ ಚಿತ್ರ ಇದೆ, ಈಗಿನ ನೋಟಿಗಿಂತ ಸಾಕಷ್ಟು ದೊಡ್ಡದು. ಆದರೆ ಅದರಲ್ಲಿ ಬ್ಯಾಂಕಿನ ಕ್ಯಾಷಿಯರ್, ಬ್ಯಾಂಕಿನ ಅಧ್ಯಕ್ಷರ ಸಹಿಯ ಜಾಗ ಖಾಲಿ! ನಕಲಿ ಇರಬಹುದಾ? ಮಾರುವವರು, “ತೊಳೆದು ಇಸ್ತ್ರಿ ಮಾಡಿದ್ದೀನಿ, ಹೇಗೆ ಗರಿಗರಿ ನೋಡಿ” ಅಂತ ಹೆಮ್ಮೆಯಿಂದ ಹೇಳಿದರು.

ಚಾರ್ಟರ್ ಹುಚ್ಚ:
ಅಯ್ಯೋ, ಉತ್ತರ ನೀವೇ ಬರೆದಿದ್ದೀರಲ್ಲ! ಖಜಾನೆ ಅಧಿಕಾರಿಗಳ ಸಹಿ ನೋಟಿನ ಜೊತೆಗೇ ಅಚ್ಚಾಗುತ್ತಿತ್ತು, ಅದು ಹೋಗುವುದಿಲ್ಲ. ಕ್ಯಾಷಿಯರ್, ಅಧ್ಯಕ್ಷರ ಸಹಿ ಮಾತ್ರ ಬ್ಯಾಂಕಿನಲ್ಲೇ ಹಾಕುತ್ತಿದ್ದದ್ದು. ವಾಷಿಂಗ್ಟನ್ನಿಂದ ಕತ್ತರಿಸದ ಹಾಳೆ ಬರುತ್ತಿತ್ತು. ಕ್ಯಾಷಿಯರ್ ಕೂತು ಪೆನ್ನಲ್ಲಿ ಸಹಿ ಹಾಕುತ್ತಿದ್ದ, ಕೆಲವರು ರಬ್ಬರ್ ಮೊಹರು ಒತ್ತುತ್ತಿದ್ದರು. ಆಮೇಲೆ ಕತ್ತರಿ. ಶಾಯಿ ಕಳಪೆಯಾಗಿದ್ದರೆ ತಾನಾಗೇ ಮಾಸುತ್ತದೆ, ಉಳಿದದ್ದನ್ನು ನೀರು ಮುಗಿಸುತ್ತದೆ.

ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಿ. ಕೆಲವೊಮ್ಮೆ ನಿಬ್ಬು ಗೀರಿದ ಗೆರೆ ಕಾಣುತ್ತದೆ. ನನ್ನ ಒಂದು 5 ಡಾಲರ್ ನೋಟಲ್ಲಿ ಸಹಿ ಕಾಫಿ ಕಲೆ ಥರ ಆಗಿದೆ, ಮೇಲಂಚು ಅಂಕುಡೊಂಕು. ಆ ಕ್ಯಾಷಿಯರಿಗೆ ಅವತ್ತು ಊಟಕ್ಕೆ ಹೊತ್ತಾಗಿತ್ತೇನೋ! ನನಗಂತೂ ಅದೇ ಇಷ್ಟ.

1929ರದ್ದರಲ್ಲಿ ಸಹಿ ಅಚ್ಚು, ಚಿಂತೆ ಇಲ್ಲ. ಚಾರ್ಟರ್ ನಂಬರ್, ಅಂದರೆ ಬ್ಯಾಂಕಿಗೆ ಸರ್ಕಾರ ಕೊಟ್ಟ ನೋಂದಣಿ ಸಂಖ್ಯೆ, ಕಪ್ಪಲ್ಲಿ ಮಾತ್ರ ಇದ್ದರೆ ಟೈಪ್ 1. ಸೀರಿಯಲ್ ನಂಬರ್ ಪಕ್ಕದಲ್ಲಿ ಕಂದು ಬಣ್ಣದಲ್ಲೂ ಇದ್ದರೆ ಟೈಪ್ 2. ಅದು 1933ರಲ್ಲಿ ಶುರುವಾಗಿ 1935ಕ್ಕೆ ನಿಂತಿತು, ಸಾಮಾನ್ಯವಾಗಿ ಕಡಿಮೆ ಸಿಗುತ್ತದೆ.

ಸುಮ್ನೆ ಕೇಳ್ತೀನಿ:
ಮುಚ್ಚಿದ ಬ್ಯಾಂಕಿನ ನೋಟಿಗೆ ಯಾಕಪ್ಪಾ ಇಷ್ಟು ದುಡ್ಡು?

ಚಾರ್ಟರ್ ಹುಚ್ಚ:
ಬ್ಯಾಂಕು ಸರ್ಕಾರಿ ಬಾಂಡುಗಳನ್ನು ಖಜಾನೆಯಲ್ಲಿ ಇಟ್ಟರೆ ಮಾತ್ರ ನೋಟು ಸಿಗುತ್ತಿತ್ತು. ಹಾಗಾಗಿ ಬ್ಯಾಂಕು ಮುಳುಗಿದರೂ ನೋಟು ಮುಳುಗಲಿಲ್ಲ. ಜನ ಖರ್ಚು ಮಾಡಿದರು, ನೋಟುಗಳು ವಾಪಸ್ ಹೋಗಿ ನಾಶವಾದವು. ಆ ಊರಿನದ್ದು ಎಷ್ಟು ಉಳಿದಿವೆ ಅನ್ನುವುದರ ಮೇಲೆ ಬೆಲೆ. ಬರೀ ಹಳೇದು ಅಂದರೆ ಜಾಸ್ತಿ ಸಿಗಲ್ಲ.

ಜೋಳದೂರು:
ಟಾರ್ಚ್ ಹಿಡಿದು ನೋಡಿದೆ. ಕ್ಯಾಷಿಯರ್ ಜಾಗದಲ್ಲಿ ಒಂದು ಅಕ್ಷರದ ಉದ್ದ ಬಾಲ, ಅಷ್ಟೇ ಉಳಿದಿದೆ. ಇಸ್ತ್ರಿ ಕಥೆ ಹೇಳಿ ಬೆಲೆ ಇಳಿಸಿ ಎರಡನ್ನೂ ತಂದೆ. 1929ರದ್ದು ಟೈಪ್ 1.